ಒಂದು ಕಾಸಿನ ದಂಡ

ಹೋದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರದ ಊರಿನಿಂದ ದೂರವಾಣಿ ಮಾಡಿದ್ದ. ಈಗ ಅವನಿಗೂ ತಲೆ ನರೆತಿದೆಯಂತೆ. ಆದರೂ "ಸಾರ್" ಎನ್ನುವಾಗ ಹತ್ತನೆಯ ತರಗತಿಯ ಮೂರನೆಯ ಬೆಂಚಿನ ಧ್ವನಿಯೇ. ಮನೆಮಂದಿಯ ಯೋಗಕ್ಷೇಮವೆಲ್ಲ ಮುಗಿದ ಮೇಲೆ ಅವನೆಂದ: "ಸಾರ್, ವಿಶ್ವಸಂಸ್ಥೆಯ ಸಾಧನೆಗಳು ಪಾಠ ಮಾಡುವಾಗ ಸೂಯೆಜ್ ಕಾಲುವೆ ವಿವಾದದ ಟಿಪ್ಪಣಿ ಬರೆಸಿದ್ದಿರಿ. ಆ ಗಲಾಟೆಯಲ್ಲಿ ಸಾಮಾನ್ಯ ಜನ ಎಷ್ಟು ಸತ್ತರು ಸಾರ್ ಎಂದು ನಾನು ಎದ್ದು ನಿಂತು ಕೇಳಿದ್ದೆ. ಅದು ಪರೀಕ್ಷೆಗೆ ಬರುವುದಿಲ್ಲ, ಇಸವಿ ಬರೆದುಕೋ ಎಂದು ಕೂರಿಸಿಬಿಟ್ಟಿರಿ. ಈಗ ಗಾಜಾದ ಸುದ್ದಿ ನೋಡುವಾಗಲೆಲ್ಲ ಅದೇ ನೆನಪಾಗುತ್ತದೆ." ಅವನು ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ.

ಆ ದಿನ ನನಗೆ ಉತ್ತರ ಗೊತ್ತಿರಲಿಲ್ಲ ಎಂಬುದೇ ನಿಜ. ಗೊತ್ತಿಲ್ಲದ್ದನ್ನು ಪರೀಕ್ಷೆಯ ಮರೆಯಲ್ಲಿ ಬಚ್ಚಿಡುವುದು ನಮ್ಮ ವೃತ್ತಿಯವರಿಗೆ ಬಲು ಸುಲಭ. ನಿವೃತ್ತಿಯ ನಂತರ ಓದಲು ಬಿಡುವು ಸಿಕ್ಕಾಗ ತಿಳಿದುಕೊಂಡದ್ದನ್ನು, ಆ ಹುಡುಗನಿಗೆ ಸಲ್ಲಬೇಕಾದ ಸಾಲವೆಂದು ಭಾವಿಸಿ ಇಲ್ಲಿ ಬರೆಯುತ್ತಿದ್ದೇನೆ.

1956ನೆಯ ಇಸವಿಯನ್ನು ನಿಮ್ಮಲ್ಲಿ ಅನೇಕರು ಮರೆತಿರಲಾರಿರಿ. ಆ ವರ್ಷದ ನವೆಂಬರ್ 1ರಂದು ಹಂಚಿಹೋಗಿದ್ದ ಕನ್ನಡ ನಾಡು ಒಂದಾಯಿತು. ನಮ್ಮ ತಂದೆಯವರು ಆ ದಿನದ ಸಂಭ್ರಮವನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಅದಕ್ಕೆ ಮೂರು ದಿನಗಳ ಹಿಂದೆ, ಅಕ್ಟೋಬರ್ 29ರ ಸೋಮವಾರ, ಇಸ್ರೇಲ್ ಸೈನ್ಯ ಈಜಿಪ್ಟಿನ ಸಿನಾಯ್ ಪ್ರದೇಶದೊಳಗೆ ನುಗ್ಗಿತು. ನಾನು ಟಿಪ್ಪಣಿ ಬರೆಸುತ್ತಿದ್ದ ಸೂಯೆಜ್ ಯುದ್ಧದ ಮೊದಲ ದಿನವದು. ಅದೇ ಸಂಜೆ, ಯುದ್ಧಭೂಮಿಯಿಂದ ಬಹಳ ದೂರದಲ್ಲಿ, ಟೆಲ್ ಅವೀವ್ ನಗರದ ಪೂರ್ವಕ್ಕೆ ಸುಮಾರು 20 ಕಿಲೋಮೀಟರಿನಲ್ಲಿರುವ ಕಫ್ರ್ ಕಾಸಿಂ ಎಂಬ ಹಳ್ಳಿಯಲ್ಲಿ ನಡೆದುದು ಯಾವ ಟಿಪ್ಪಣಿಯಲ್ಲೂ ಬರಲಿಲ್ಲ.

ಆ ಹಳ್ಳಿಯವರು ಪ್ಯಾಲೆಸ್ತೀನಿ ಅರಬರು. ಆದರೆ ಇಸ್ರೇಲಿನ ಪ್ರಜೆಗಳು. 1948ರ ಯುದ್ಧದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಮನೆಮಠ ಕಳೆದುಕೊಂಡು ಹೊರನಡೆದಾಗ, ಹೊಸ ದೇಶದ ಗಡಿಯೊಳಗೆ ಉಳಿದುಕೊಂಡ ಒಂದೂವರೆ ಲಕ್ಷ ಮಂದಿಯಲ್ಲಿ ಅವರೂ ಸೇರಿದ್ದರು. ಮತದಾನದ ಹಕ್ಕಿತ್ತು, ಜೊತೆಗೆ 1966ರವರೆಗೂ ಸೈನಿಕ ಆಡಳಿತವೂ ಇತ್ತು. ರಾತ್ರಿ ಕರ್ಫ್ಯೂ ಅವರಿಗೆ ಹೊಸದಲ್ಲ. ಅಂದು ಜೋರ್ಡಾನ್ ಗಡಿಯಂಚಿನ ಹಳ್ಳಿಗಳಲ್ಲಿ ಕರ್ಫ್ಯೂವನ್ನು ಸಂಜೆ 5 ಗಂಟೆಯಿಂದಲೇ ಜಾರಿಗೊಳಿಸಲು ಬ್ರಿಗೇಡಿನ ಮುಖ್ಯಸ್ಥ ಕರ್ನಲ್ ಯಿಸ್ಸಾಖರ್ ಶಾದ್ಮಿ ಆಜ್ಞೆ ಮಾಡಿದ. ಹೊರಗೆ ಕಂಡವರನ್ನು ಗುಂಡಿಟ್ಟು ಕೊಲ್ಲಬೇಕು. ಕೆಲಸದಿಂದ ಮರಳುವವರಿಗೆ ಸುದ್ದಿ ತಿಳಿಯದಿದ್ದರೆ ಏನು ಮಾಡುವುದೆಂದು ಕೆಳಗಿನ ಅಧಿಕಾರಿ ಮೇಜರ್ ಮಾಲಿಂಕಿ ಕೇಳಿದನಂತೆ. ಸತ್ತವರ ಬಗ್ಗೆ ಅರಬರು ಹೇಳುವ, ದೇವರು ಅವನಿಗೆ ದಯೆ ತೋರಲಿ ಎಂಬರ್ಥದ ಮಾತೇ ಶಾದ್ಮಿಯಿಂದ ಉತ್ತರವಾಗಿ ಬಂದಿತೆಂದು ಮಾಲಿಂಕಿ ನ್ಯಾಯಾಲಯದಲ್ಲಿ ಹೇಳಿದ. ಶಾದ್ಮಿ ಅದನ್ನು ನಿರಾಕರಿಸಿದ.

ಕಫ್ರ್ ಕಾಸಿಮಿನ ಮುಖ್ತಾರನಿಗೆ, ನಮ್ಮ ಹಳ್ಳಿಯ ಪಟೇಲರಂತಹವನೆನ್ನಿ, ಕರ್ಫ್ಯೂ ವಿಷಯ ತಿಳಿದದ್ದು ಸಂಜೆ ನಾಲ್ಕೂವರೆಗೆ. ನೂರಾರು ಜನ ಹೊಲಗದ್ದೆ, ಕಲ್ಲುಗಣಿಗಳಲ್ಲಿ ಕೆಲಸಕ್ಕೆ ಹೋಗಿದ್ದಾರೆ, ಅರ್ಧ ಗಂಟೆಯಲ್ಲಿ ಅವರಿಗೆಲ್ಲ ಹೇಗೆ ತಿಳಿಸಲಿ ಎಂದು ಆತ ಅಂಗಲಾಚಿದ. ಬರುವವರನ್ನು ಒಳಗೆ ಬಿಡುತ್ತೇವೆ ಎಂಬ ಭರವಸೆ ಸಿಕ್ಕಿತು. ಐದು ಗಂಟೆಯ ನಂತರ ಸೈಕಲ್ಲುಗಳಲ್ಲಿ, ಗಾಡಿಗಳಲ್ಲಿ, ಲಾರಿಗಳಲ್ಲಿ ಜನ ಮರಳತೊಡಗಿದರು. ಊರ ಬಾಗಿಲಲ್ಲಿ ಗಡಿ ಪೊಲೀಸರು ಒಂದೊಂದು ಗುಂಪನ್ನೂ ನಿಲ್ಲಿಸಿ, ಇಳಿಸಿ, ಗುಂಡು ಹಾರಿಸಿದರು. ಒಂದು ಲಾರಿಯ ತುಂಬ ಆಲಿವ್ ಕಾಯಿ ಬಿಡಿಸಿ ಬರುತ್ತಿದ್ದ ಹೆಂಗಸರೂ ಹುಡುಗಿಯರೂ ಇದ್ದರು. ಸುಮಾರು ಒಂದು ಗಂಟೆಯಲ್ಲಿ ಎಲ್ಲವೂ ಮುಗಿಯಿತು. ಊರಿನವರ ಲೆಕ್ಕದಲ್ಲಿ ಸತ್ತವರು 49. ಸುಮಾರು ಅರ್ಧದಷ್ಟು ಮಂದಿ ಮಕ್ಕಳು. ಅತ್ಯಂತ ಕಿರಿಯರಿಗೆ ಎಂಟು ವರ್ಷ. ಎಂಟು ವರ್ಷವೆಂದರೆ ನಮ್ಮಲ್ಲಿ ಮೂರನೆಯ ತರಗತಿ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಅದೇ ಆಜ್ಞೆ ಸುತ್ತಲಿನ ಬೇರೆ ಹಳ್ಳಿಗಳಿಗೂ ಹೋಗಿತ್ತು. ಅಲ್ಲಿನ ಹಲವು ಅಧಿಕಾರಿಗಳು ಮೇಲಿನವರ ಮಾತನ್ನು ಬದಿಗಿಟ್ಟು, ತಡವಾಗಿ ಬಂದವರನ್ನು ಮನೆಗೆ ಕಳುಹಿಸಿದರು. ಅವರೂ ಅದೇ ಪಡೆಯವರು, ಅದೇ ಸಮವಸ್ತ್ರ ತೊಟ್ಟವರು. "ಯುದ್ಧವೆಂದರೆ ಹೀಗೆಯೇ, ಏನು ಮಾಡುವುದಕ್ಕಾಗುತ್ತದೆ" ಎಂದು ಯಾರಾದರೂ ಹೇಳಿದಾಗ ನಾನು ಆ ಅಧಿಕಾರಿಗಳನ್ನು ನೆನೆಯುತ್ತೇನೆ.

ಸುದ್ದಿ ಹೊರಬರದಂತೆ ಇಸ್ರೇಲ್ ಸರ್ಕಾರ ಪತ್ರಿಕೆಗಳ ಮೇಲೆ ನಿರ್ಬಂಧ ಹಾಕಿತು. ಜಗತ್ತಿನ ಕಣ್ಣೂ ಬೇರೆಡೆ ಇದ್ದಿತು. ಒಂದು ಕಡೆ ಸೂಯೆಜ್. ಇನ್ನೊಂದು ಕಡೆ, ನವೆಂಬರ್ 4ರಂದು ಬುಡಾಪೆಸ್ಟ್ ನಗರಕ್ಕೆ ನುಗ್ಗಿದ ಸೋವಿಯತ್ ಟ್ಯಾಂಕುಗಳು. ಸಂಸತ್ತಿನ ಇಬ್ಬರು ಕಮ್ಯುನಿಸ್ಟ್ ಸದಸ್ಯರು, ಅರಬನಾದ ತೌಫೀಕ್ ತೂಬಿ ಮತ್ತು ಯಹೂದಿಯಾದ ಮೀರ್ ವಿಲ್ನರ್, ನವೆಂಬರ್ ತಿಂಗಳಲ್ಲಿ ಕಾವಲನ್ನು ದಾಟಿ ಹಳ್ಳಿಗೆ ಹೋಗಿ, ಬದುಕುಳಿದವರ ಹೇಳಿಕೆಗಳನ್ನು ಸಂಗ್ರಹಿಸಿದರು. ಪತ್ರಿಕೆಗಳು ಪ್ರಕಟಿಸಲಾಗದ್ದನ್ನು ತೂಬಿ ಮನವಿಪತ್ರವಾಗಿ ಬರೆದು ಪ್ರತಿಗಳನ್ನು ಹಂಚಿದರು. ಡಿಸೆಂಬರಿನಲ್ಲಿ ಪ್ರಧಾನಿ ಬೆನ್ ಗುರಿಯನ್ ಸಂಸತ್ತಿನಲ್ಲಿ ಅದರ ಬಗ್ಗೆ ಮಾತನಾಡಲೇಬೇಕಾಯಿತು.

ವಿಚಾರಣೆಯೂ ನಡೆಯಿತು. ಮುಚ್ಚಿಹಾಕಲಿಲ್ಲ ಎಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. 1958ರಲ್ಲಿ ತೀರ್ಪಿತ್ತ ನ್ಯಾಯಾಧೀಶ ಬೆಂಜಮಿನ್ ಹಾಲೆವಿ, ಕೆಲವು ಆಜ್ಞೆಗಳು ಎಷ್ಟು ಸ್ಪಷ್ಟವಾಗಿ ಅನ್ಯಾಯದವೆಂದರೆ ಅವುಗಳ ಮೇಲೆ ಕರಿಬಾವುಟ ಹಾರುತ್ತಿರುವಂತೆ ಕಾಣುತ್ತದೆ, ಅಂಥವನ್ನು ಸೈನಿಕ ಪಾಲಿಸಕೂಡದು ಎಂದರು. ಇದೇ ಹಾಲೆವಿಯವರು 1961ರಲ್ಲಿ ನಾಜಿ ಅಧಿಕಾರಿ ಐಖ್‌ಮನ್‌ನ ವಿಚಾರಣೆ ನಡೆಸಿದ ಮೂವರು ನ್ಯಾಯಾಧೀಶರಲ್ಲಿ ಒಬ್ಬರು. ಎಂಟು ಮಂದಿಗೆ ಸೆರೆವಾಸವಾಯಿತು. ಮಾಲಿಂಕಿಗೆ 17 ವರ್ಷ. ಅನಂತರ ಮೇಲ್ಮನವಿ, ಕ್ಷಮಾದಾನ, ರಿಯಾಯಿತಿಗಳಾಗಿ 1960ರ ಹೊತ್ತಿಗೆ ಎಲ್ಲರೂ ಮನೆ ಸೇರಿದ್ದರು.

ಉಳಿದವನು ಕರ್ನಲ್ ಶಾದ್ಮಿ. ಅವನ ವಿಚಾರಣೆ ಬೇರೆಯಾಗಿ ನಡೆದು 1959ರಲ್ಲಿ ತೀರ್ಪಾಯಿತು. ಕೊಲೆಯ ಆರೋಪದಿಂದ ಬಿಡುಗಡೆ. ಅಧಿಕಾರವಿಲ್ಲದೆ ಕರ್ಫ್ಯೂ ವೇಳೆ ಬದಲಿಸಿದ್ದು ಮಾತ್ರ ತಪ್ಪೆಂದಾಯಿತು. ದಂಡ, 10 ಪ್ರುತೋತ್. ಒಂದು ಇಸ್ರೇಲಿ ಪೌಂಡಿಗೆ ಸಾವಿರ ಪ್ರುತೋತ್. ಅಂದರೆ ಪೌಂಡಿನ ನೂರನೆಯ ಒಂದು ಭಾಗ, ಒಂದೇ ಒಂದು ನಾಣ್ಯ. ನಮ್ಮ ಲೆಕ್ಕದಲ್ಲಿ ರೂಪಾಯಿಗೆ ಒಂದು ಪೈಸೆಯಿದ್ದಂತೆ. ಆ ದೇಶದ ಅರಬರು ಇಂದಿಗೂ "ಶಾದ್ಮಿಯ ಕಾಸು" ಎಂಬ ಮಾತನ್ನು ಬಳಸುತ್ತಾರೆ. "ಮೂರು ಕಾಸಿನ ಬೆಲೆಯಿಲ್ಲ" ಎಂದು ನಾವು ಸಿಟ್ಟಿನಲ್ಲಿ ಆಡುವುದುಂಟು. ಅದನ್ನೇ ನ್ಯಾಯಪೀಠವೊಂದು ಲೆಕ್ಕ ಹಾಕಿ, ಬರೆದು, ಮೊಹರು ಒತ್ತಿ ಕೊಟ್ಟಿದ್ದನ್ನು ನಾನು ಇತಿಹಾಸದಲ್ಲಿ ಬೇರೆಲ್ಲೂ ಓದಿಲ್ಲ. 2007ರಲ್ಲಿ ಅಧ್ಯಕ್ಷ ಶಿಮೋನ್ ಪೆರೆಸ್ ಆ ಊರಿಗೆ ಹೋಗಿ ಕ್ಷಮೆ ಕೋರಿದರು. 2014ರಲ್ಲಿ ಅಧ್ಯಕ್ಷ ರಿವ್ಲಿನ್ ಊರಿನವರ ವಾರ್ಷಿಕ ಸ್ಮರಣೆಗೇ ಹೋದರು. ನ್ಯಾಯಾಲಯದ ಕಡತಗಳು ಸಾರ್ವಜನಿಕರ ಕೈಗೆ ಸಿಕ್ಕಿದ್ದು 2022ರಲ್ಲಿ, ಅರವತ್ತಾರು ವರ್ಷಗಳ ನಂತರ.

ಅದೇ ನವೆಂಬರಿನಲ್ಲಿ ಗಾಜಾದ ಖಾನ್ ಯೂನಿಸ್‌ನಲ್ಲಿ 275, ರಫಾದಲ್ಲಿ 111 ಮಂದಿ ಹತರಾದರೆಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ವರದಿ ದಾಖಲಿಸಿತು. ಅದಕ್ಕೆ ವಿಚಾರಣೆಯೂ ಇಲ್ಲ, ಒಂದು ಕಾಸೂ ಇಲ್ಲ. ಸೂಯೆಜ್‌ನಲ್ಲಿ ಶಾಂತಿಪಾಲನಾ ಪಡೆ ನೆಲೆಗೊಂಡಿತು, ಭಾರತದ ಸೈನಿಕರೂ ಅದರಲ್ಲಿದ್ದರು, ಇದು ವಿಶ್ವಸಂಸ್ಥೆಯ ಯಶಸ್ಸು ಎಂದು ನಾನು ವರ್ಷ ವರ್ಷವೂ ಕಪ್ಪುಹಲಗೆಯ ಮೇಲೆ ಬರೆದೆ. ಅದೂ ಸುಳ್ಳಲ್ಲ. ಆದರೆ ಅದೇ ವಿಶ್ವಸಂಸ್ಥೆಯ ವರದಿಯಲ್ಲಿದ್ದ ಈ ಎರಡು ಸಂಖ್ಯೆಗಳು ನಾನು ಬರೆಸಿದ ಟಿಪ್ಪಣಿಯಲ್ಲಿರಲಿಲ್ಲ.

ಆ ಜನರನ್ನು ಹೆಸರಿಡದೆ ಕರೆಯುವುದು ಇನ್ನೂ ಹಳೆಯ ಅಭ್ಯಾಸ. 1917ರ ನವೆಂಬರ್ 2ರಂದು ಬ್ರಿಟಿಷ್ ವಿದೇಶಾಂಗ ಸಚಿವ ಬಾಲ್ಫೋರ್ ಬರೆದ ಪತ್ರ ನಿಮಗೆ ನೆನಪಿರಬಹುದು. ಪ್ಯಾಲೆಸ್ತೀನಿನಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆ ಒದಗಿಸುವ ಆ ಘೋಷಣೆ ಅರವತ್ತಕ್ಕೂ ಹೆಚ್ಚು ಪದಗಳ ಒಂದೇ ವಾಕ್ಯ. ಆಗ ಅಲ್ಲಿನ ಜನಸಂಖ್ಯೆಯಲ್ಲಿ ಸುಮಾರು ಶೇ. 90ರಷ್ಟಿದ್ದ ಅರಬರ ಹೆಸರು ಆ ವಾಕ್ಯದಲ್ಲಿಲ್ಲ. ಯಹೂದಿಗಳಲ್ಲದ, ಸದ್ಯ ಅಲ್ಲಿರುವ ಸಮುದಾಯಗಳು ಎಂದಷ್ಟೇ ಇದೆ. ತರಗತಿಯಲ್ಲಿ ಅರವತ್ತು ಮಕ್ಕಳಿದ್ದು ಆರು ಮಂದಿಯ ಹೆಸರನ್ನು ಮಾತ್ರ ಹಾಜರಿ ಪುಸ್ತಕದಲ್ಲಿ ಬರೆದು, ಕೆಳಗೆ "ಇತರರು" ಎಂದು ಬರೆದರೆ ನಮ್ಮ ಹಿಂದಿನ ಇನ್‌ಸ್ಪೆಕ್ಟರು ಏನೆನ್ನುತ್ತಿದ್ದರೋ!

1982ರಲ್ಲಿ ನಾನು ಬಿ.ಎಡ್. ಓದುತ್ತಿದ್ದೆ. ಸೆಪ್ಟೆಂಬರ್ ತಿಂಗಳಲ್ಲಿ ವಿದ್ಯಾರ್ಥಿನಿಲಯದ ಪತ್ರಿಕೆಯಲ್ಲಿ ಬೈರೂತ್‌ನ ಓಣಿಯೊಂದರ ಚಿತ್ರ ಬಂದಿತ್ತು. ಊಟಕ್ಕೆ ಮುಂಚೆ ನೋಡಬಾರದಿತ್ತು ಎಂದು ಯಾರೋ ಪತ್ರಿಕೆಯನ್ನು ಮಡಿಚಿಟ್ಟರು. ಸಬ್ರಾ ಮತ್ತು ಶಾತಿಲಾ ಎಂಬ ಹೆಸರುಗಳನ್ನು ನಾನು ಮೊದಲು ಓದಿದ್ದು ಅಂದು. ಇಸ್ರೇಲ್ ಸೈನ್ಯ ಸುತ್ತುಗಟ್ಟಿದ್ದ ಆ ಪ್ಯಾಲೆಸ್ತೀನಿ ನಿರಾಶ್ರಿತರ ನೆಲೆಗೆ, ಸೆಪ್ಟೆಂಬರ್ 16ರಿಂದ 18ರವರೆಗೆ, ಅದರ ಮಿತ್ರರಾದ ಲೆಬನಾನಿನ ಫಲಾಂಜಿಸ್ಟ್ ಪಡೆಯವರು ನುಗ್ಗಿ ಸಿಕ್ಕಸಿಕ್ಕವರನ್ನು ಕೊಂದರು. ರಾತ್ರಿಯ ಹೊತ್ತು ಇಸ್ರೇಲ್ ಸೈನ್ಯ ಆಕಾಶದಲ್ಲಿ ಬೆಳಕಿನ ಬಾಣಗಳನ್ನು ಹಾರಿಸಿತು. ಸತ್ತವರೆಷ್ಟು? ಇಸ್ರೇಲಿ ಸೇನೆಯ ಅಂದಾಜು 700ರಿಂದ 800. ಬೇರೆಯವರ ಅಂದಾಜು 3,500ರವರೆಗೆ ಏರುತ್ತದೆ. ಈ ಎರಡು ಅಂದಾಜುಗಳ ನಡುವಿನ ಅಂತರದಲ್ಲೇ ಎರಡು ಸಾವಿರದ ಏಳುನೂರು ಜನರಿದ್ದಾರೆ. ಸತ್ತರೋ ಬದುಕಿದರೋ ಎಂದು ನಾಲ್ಕು ದಶಕ ಕಳೆದರೂ ಅವರ ಲೆಕ್ಕ ಮುಗಿದಿಲ್ಲ.

ಟೆಲ್ ಅವೀವಿನಲ್ಲಿ ಲಕ್ಷಾಂತರ ಇಸ್ರೇಲಿಗಳು ಬೀದಿಗಿಳಿದು ಪ್ರತಿಭಟಿಸಿದರು. ಅವರ ಒತ್ತಾಯದಿಂದಲೇ ಕಾಹನ್ ಆಯೋಗ ರಚನೆಯಾಯಿತು. ರಕ್ಷಣಾ ಸಚಿವ ಏರಿಯಲ್ ಶರೋನ್ ವೈಯಕ್ತಿಕವಾಗಿ ಹೊಣೆಗಾರನೆಂದು ಆಯೋಗ 1983ರಲ್ಲಿ ಹೇಳಿತು. ಆತ ಖಾತೆ ಬಿಟ್ಟ, ಸಂಪುಟ ಬಿಡಲಿಲ್ಲ, 2001ರಲ್ಲಿ ಪ್ರಧಾನಿಯಾದ. ಅದೇ ವರ್ಷ ಬದುಕುಳಿದವರು ಬೆಲ್ಜಿಯಂ ದೇಶದ ನ್ಯಾಯಾಲಯಕ್ಕೆ ಹೋದರು. ಯಾವ ದೇಶದ ಯುದ್ಧಾಪರಾಧವನ್ನಾದರೂ ವಿಚಾರಿಸಲು ಅಲ್ಲಿನ ಕಾನೂನು ಅವಕಾಶ ಕೊಟ್ಟಿತ್ತು. ಅಮೆರಿಕದ ಒತ್ತಡ ಬಂದು 2003ರಲ್ಲಿ ಕಾನೂನನ್ನೇ ಬದಲಿಸಿದರು. ಮೊಕದ್ದಮೆ ಅಲ್ಲಿಗೆ ಮುಗಿಯಿತು.

ಈಗ ಗಾಜಾಕ್ಕೆ ಬರುತ್ತೇನೆ. 2023ರ ಅಕ್ಟೋಬರ್ 7ರಂದು ಹಮಾಸ್ ಮತ್ತಿತರ ಶಸ್ತ್ರಧಾರಿಗಳು ಇಸ್ರೇಲಿನೊಳಗೆ ನುಗ್ಗಿ ಸುಮಾರು 1,200 ಜನರನ್ನು ಕೊಂದು, 251 ಮಂದಿಯನ್ನು ಒತ್ತೆಯಾಳಾಗಿ ಎಳೆದೊಯ್ದರು. ಮನೆಗಳಲ್ಲಿದ್ದವರು, ಸಂಗೀತೋತ್ಸವಕ್ಕೆ ಬಂದಿದ್ದ ಹುಡುಗ ಹುಡುಗಿಯರು. ಇದನ್ನು "ಆದರೆ" ಎಂಬ ಪದ ಸೇರಿಸದೆ ಹೇಳಬೇಕು, ಹೇಳಿದ್ದೇನೆ. ಆ ಒತ್ತೆಯಾಳುಗಳ ಒಬ್ಬೊಬ್ಬರ ಮುಖವೂ ಹೆಸರೂ ಲೋಕಕ್ಕೆಲ್ಲ ತಿಳಿಯಿತು. ತಿಳಿಯಬೇಕಾದ್ದೇ.

ಅನಂತರ ಇಸ್ರೇಲಿನ ದಾಳಿಯಲ್ಲಿ ಗಾಜಾದ ಜನ ಸಾಯತೊಡಗಿದರು. ಮೂರು ವಾರ ತುಂಬುವ ಮೊದಲೇ ಸಂಖ್ಯೆ ಏಳು ಸಾವಿರದ ಹತ್ತಿರ ಹೋಯಿತು. ಅಕ್ಟೋಬರ್ 25ರಂದು ಅಮೆರಿಕದ ಅಧ್ಯಕ್ಷ ಜೋ ಬೈಡನ್, ಪ್ಯಾಲೆಸ್ತೀನಿಯರು ಕೊಡುತ್ತಿರುವ ಸಂಖ್ಯೆಯಲ್ಲಿ ತಮಗೆ ವಿಶ್ವಾಸವಿಲ್ಲವೆಂದರು. ಹಿಂದಿನ ಯುದ್ಧಗಳಲ್ಲಿ ಗಾಜಾದ ಆರೋಗ್ಯ ಸಚಿವಾಲಯದ ಲೆಕ್ಕಕ್ಕೂ ವಿಶ್ವಸಂಸ್ಥೆ ನಂತರ ಪರಿಶೀಲಿಸಿ ಹೇಳಿದ ಲೆಕ್ಕಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಇದು ಅವರಿಗೆ ತಿಳಿಯದ ವಿಷಯವಲ್ಲ. ಮರುದಿನವೇ ಸಚಿವಾಲಯ 7,028 ಸಾವುಗಳ ಒಂದು ಪಟ್ಟಿಯನ್ನು ಹೊರತಂದಿತು. ಅದರಲ್ಲಿ 6,747 ಹೆಸರುಗಳು. ಹೆಸರಿನ ಮುಂದೆ ವಯಸ್ಸು, ಗಂಡೋ ಹೆಣ್ಣೋ ಎಂಬುದು, ಗುರುತಿನ ಸಂಖ್ಯೆ. ಉಳಿದ 281 ದೇಹಗಳ ಗುರುತು ಹತ್ತಿರಲಿಲ್ಲ. 1967ರಿಂದ ಆ ಜನಸಂಖ್ಯಾ ನೋಂದಣಿ ಇಸ್ರೇಲಿನ ನಿಯಂತ್ರಣದಲ್ಲೇ ಇದೆ. ಅಂದರೆ ಆ ಸಂಖ್ಯೆಗಳು ನಿಜವೇ ಎಂದು ಇಸ್ರೇಲ್ ತನ್ನ ಕಚೇರಿಯಲ್ಲಿ ಕುಳಿತೇ ನೋಡಬಹುದಿತ್ತು.

ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪ್ರತಿ ಬೆಳಿಗ್ಗೆ ಹಾಜರಿ ಕರೆದವನು. ಹೆಸರು ಕರೆದಾಗ "ಎಸ್ ಸಾರ್" ಎಂದು ಎದ್ದು ನಿಲ್ಲುವ ಮಕ್ಕಳು ನೀವು. ಗೈರುಹಾಜರಾದವರಿಗೆ ಕಾರಣ ಬರೆಯುವ ಕಲಮೊಂದಿತ್ತು. ತಾನು ಬಂದಿದ್ದೇನೆಂದು ರುಜುವಾತು ಪಡಿಸಲು ಮಗುವನ್ನು ನಾವು ಎಂದೂ ಕೇಳಿದ್ದಿಲ್ಲ. ಅಲ್ಲಿ, ತಾವು ಸತ್ತಿದ್ದೇವೆಂದು ಸತ್ತವರೇ ಗುರುತಿನ ಸಂಖ್ಯೆಯೊಂದಿಗೆ ರುಜುವಾತು ಪಡಿಸಬೇಕಾಯಿತು. ಆ ಪಟ್ಟಿ ಬಂದ ಮೇಲೂ ಅನುಮಾನ ನಿಲ್ಲಲಿಲ್ಲ, ಶಸ್ತ್ರಗಳ ಹಡಗೂ ನಿಲ್ಲಲಿಲ್ಲ. 2025ರ ಅಂತ್ಯದ ವೇಳೆಗೆ ಸಚಿವಾಲಯದ ಲೆಕ್ಕ 70,000 ದಾಟಿತು. ಅವಶೇಷಗಳಡಿ ಉಳಿದವರು ಅದರಲ್ಲಿ ಸೇರಿಲ್ಲ.

2024ರ ಏಪ್ರಿಲ್ 1ರಂದು ನಡೆದುದನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹಸಿದವರಿಗೆ ಅಡುಗೆ ಮಾಡಿ ಬಡಿಸುವ ವರ್ಲ್ಡ್ ಸೆಂಟ್ರಲ್ ಕಿಚನ್ ಸಂಸ್ಥೆಯ ವಾಹನಗಳ ಮೇಲೆ ಇಸ್ರೇಲ್ ನಡೆಸಿದ ದಾಳಿಯಲ್ಲಿ ಏಳು ಮಂದಿ ಹತರಾದರು. ಆರು ಮಂದಿ ಆಸ್ಟ್ರೇಲಿಯಾ, ಬ್ರಿಟನ್, ಪೋಲೆಂಡ್ ಮುಂತಾದ ದೇಶಗಳವರು, ಒಬ್ಬ ಪ್ಯಾಲೆಸ್ತೀನಿ. ಸಾವಿನ ಸಂಖ್ಯೆ ಅದಾಗಲೇ 32,000 ಮೀರಿತ್ತು. ವಿಶ್ವಸಂಸ್ಥೆಯ ಪ್ರಕಾರ 190ಕ್ಕೂ ಹೆಚ್ಚು ಪರಿಹಾರ ಕಾರ್ಯಕರ್ತರು ಸತ್ತಿದ್ದರು, ಅವರಲ್ಲಿ ಬಹುತೇಕರು ಪ್ಯಾಲೆಸ್ತೀನಿಯರು. ಆದರೂ ಆ ವಾರವೇ ಲೋಕ ಬೆಚ್ಚಿದ್ದು. ನಾಲ್ಕೇ ದಿನಗಳಲ್ಲಿ ಅಮೆರಿಕದ ಅಧ್ಯಕ್ಷರು ಇಸ್ರೇಲ್ ಪ್ರಧಾನಿಗೆ ಕಟುವಾಗಿ ಫೋನು ಮಾಡಿದರು, ಇಬ್ಬರು ಸೇನಾಧಿಕಾರಿಗಳ ಕೆಲಸ ಹೋಯಿತು, ಆಹಾರ ಸಾಗಿಸಲು ಉತ್ತರದ ದಾರಿ ತೆರೆಯಲು ಒಪ್ಪಿಗೆಯಾಯಿತು. ಆ ಏಳು ಜನ ಪುಣ್ಯಾತ್ಮರು. ಅವರಿಗಾಗಿ ಲೋಕ ಕಣ್ಣೀರಿಟ್ಟದ್ದು ಸರಿ. ನಾಲ್ಕು ದಿನದಲ್ಲಿ ಮಾಡಬಹುದಾದದ್ದನ್ನು ಆರು ತಿಂಗಳು ಏಕೆ ಮಾಡಲಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ.

ಪರದೇಶದವರನ್ನು ಮಾತ್ರ ದೂರುವುದೇಕೆ? ಅದೇ ವರ್ಷ ಮೇ 13ರಂದು ರಫಾದಲ್ಲಿ ನಮ್ಮ ಸೈನ್ಯದ ನಿವೃತ್ತ ಕರ್ನಲ್ ವೈಭವ್ ಅನಿಲ್ ಕಾಳೆ ಹತರಾದರು. ಅವರು ವಿಶ್ವಸಂಸ್ಥೆಯ ಭದ್ರತಾ ವಿಭಾಗದಲ್ಲಿದ್ದರು. ಆ ಯುದ್ಧದಲ್ಲಿ ಸತ್ತ ವಿಶ್ವಸಂಸ್ಥೆಯ ಮೊದಲ ಅಂತರರಾಷ್ಟ್ರೀಯ ಸಿಬ್ಬಂದಿ. ನಾನು ಅಂದು ಪತ್ರಿಕೆಯಲ್ಲಿ ಅವರ ಭಾವಚಿತ್ರ ನೋಡಿ, ಅವರ ಸೇವೆಯ ವಿವರಗಳನ್ನು ಓದಿ ಮರುಗಿದೆ. ಆಮೇಲೆ ತಿಳಿಯಿತು, ಅಷ್ಟರಲ್ಲಿ ಅದೇ ವಿಶ್ವಸಂಸ್ಥೆಯ ಸ್ಥಳೀಯ ನೌಕರರು ಸುಮಾರು 190 ಮಂದಿ ಸತ್ತಿದ್ದರು. ಅನೇಕರು ಶಾಲಾ ಶಿಕ್ಷಕರು, ನನ್ನದೇ ವೃತ್ತಿಯವರು. ಅವರಲ್ಲಿ ಒಬ್ಬರ ಹೆಸರನ್ನಾದರೂ ನಾನು ಹುಡುಕಿ ಓದಿರಲಿಲ್ಲ. ನಮ್ಮವರೆಂಬ ಮಮತೆ ಸಹಜ. 1918ರ ಸೆಪ್ಟೆಂಬರ್ 23ರಂದು ಜೋಧಪುರದವರೊಂದಿಗೆ ಹೈಫಾ ನಗರವನ್ನು ಗೆದ್ದ ಮೈಸೂರು ಅಶ್ವದಳದ ಕಥೆ ಹೇಳುವಾಗ ನನ್ನ ಧ್ವನಿಯೂ ಏರುತ್ತಿತ್ತು. ಆ ನಗರದಲ್ಲಿದ್ದ ಜನ ಯಾರು, ಆಮೇಲೆ ಅವರೇನಾದರು ಎಂದು ನಾನು ಪಾಠದಲ್ಲಿ ಹೇಳಿದ್ದಿಲ್ಲ.

ಈ ಬರಹದ ಕರಡನ್ನು ಓದಿದ ನನ್ನ ಭಾವಮೈದುನ, "ಭಾವ, ಸುಡಾನಿನಲ್ಲಿ ಸತ್ತವರನ್ನು ಯಾರು ಎಣಿಸುತ್ತಿದ್ದಾರೆ? ಕಾಂಗೋದಲ್ಲಿ? ಗಾಜಾದ ಬಗ್ಗೆ ದಿನವೂ ಸುದ್ದಿಯಾದರೂ ಬರುತ್ತದೆ" ಎಂದ. ಅವನ ಮಾತಿನಲ್ಲಿ ಸತ್ಯವಿದೆ; ಅಲ್ಲಿ ಪಟ್ಟಿಯೂ ಇಲ್ಲ. ಆದರೆ ಗಾಜಾದಲ್ಲಿ ಪಟ್ಟಿ ಇತ್ತು, ಚಿತ್ರಗಳಿದ್ದವು, ಕೊನೆಯ ಕರೆಯ ಧ್ವನಿಯೂ ಇತ್ತು. 2024ರ ಜನವರಿ 29ರಂದು ಸತ್ತ ಬಂಧುಗಳ ನಡುವೆ ಕಾರಿನಲ್ಲಿ ಒಬ್ಬಳೇ ಉಳಿದು, ಬಂದು ಕರೆದೊಯ್ಯಿರಿ ಎಂದು ರೆಡ್ ಕ್ರೆಸೆಂಟಿನವರನ್ನು ಫೋನಿನಲ್ಲಿ ಗಂಟೆಗಟ್ಟಲೆ ಬೇಡಿದ ಹಿಂದ್ ರಜಬ್ ಎಂಬ ಪುಟ್ಟ ಹುಡುಗಿಯ ಧ್ವನಿ ನೀವೂ ಕೇಳಿರಬಹುದು. ಅವಳ ದೇಹವೂ, ಅವಳನ್ನು ತರಲು ಹೋದ ಇಬ್ಬರ ದೇಹಗಳೂ ಸಿಕ್ಕಿದ್ದು ಹನ್ನೆರಡು ದಿನಗಳ ನಂತರ. ಸುಡಾನಿನ ಬಗ್ಗೆ ಲೋಕಕ್ಕೆ ತಿಳಿದಿಲ್ಲವೆಂದಾದರೂ ಹೇಳಿಕೊಳ್ಳಬಹುದು. ಇಲ್ಲಿ ತಿಳಿದೇ ಶಸ್ತ್ರ ಕೊಟ್ಟವರು, ಎಣಿಸಿದವರನ್ನು ಅನುಮಾನಿಸಿದರು. ಭಾವಮೈದುನನಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಯುಗಾದಿಗೆ ಬಂದಾಗ ವಾದ ಮುಂದುವರಿಯಲಿದೆ.

2025ರ ಅಕ್ಟೋಬರಿನಲ್ಲಿ ಕದನವಿರಾಮದ ಒಪ್ಪಂದವಾಯಿತು. ಅದರಲ್ಲಿ ಒಂದು ಲೆಕ್ಕವಿತ್ತು. ಸತ್ತ ಒಬ್ಬ ಇಸ್ರೇಲಿ ಒತ್ತೆಯಾಳಿನ ದೇಹಕ್ಕೆ ಪ್ರತಿಯಾಗಿ ಇಸ್ರೇಲ್ ಹದಿನೈದು ಪ್ಯಾಲೆಸ್ತೀನಿಯರ ದೇಹಗಳನ್ನು ಮರಳಿಸಬೇಕು. ಒಂದಕ್ಕೆ ಹದಿನೈದು. ಹಾಗೆ ಬಂದ ದೇಹಗಳಲ್ಲಿ ಅನೇಕವುಗಳ ಜೊತೆ ಹೆಸರಿರಲಿಲ್ಲ, ಸಂಖ್ಯೆ ಮಾತ್ರವಿತ್ತು. ಮಕ್ಕಳನ್ನು ಕಳೆದುಕೊಂಡ ತಾಯ್ತಂದೆಯರು ಪರದೆಯ ಮೇಲೆ ಹಲ್ಲು, ಬಟ್ಟೆ, ಚಪ್ಪಲಿಗಳ ಚಿತ್ರ ನೋಡಿ ಗುರುತಿಸಲು ಸಾಲಾಗಿ ಕುಳಿತಿದ್ದರು. ಗುರುತು ಹತ್ತದ ಬಹಳಷ್ಟನ್ನು ಹಾಗೆಯೇ ಮಣ್ಣು ಮಾಡಿದರು.

ಮೂರನೆಯ ಬೆಂಚಿನವನೇ, ನಿನ್ನ ಹಳೆಯ ಟಿಪ್ಪಣಿ ಪುಸ್ತಕ ಈಗ ಎಲ್ಲಿರುವುದೋ ಕಾಣೆ. ಸಿಕ್ಕಿದರೆ ಸೂಯೆಜ್ ವಿವಾದದ ಕೆಳಗೆ ಇದನ್ನು ಸೇರಿಸಿಕೋ: 1956, ಅಕ್ಟೋಬರ್ 29, ಸಂಜೆ 5 ಗಂಟೆಯ ನಂತರ, ಕಫ್ರ್ ಕಾಸಿಂ, 49. ನವೆಂಬರ್, ಖಾನ್ ಯೂನಿಸ್, 275. ರಫಾ, 111. ಬರೆದುಕೊಂಡ ಮೇಲೆ ಒಮ್ಮೆ ಫೋನು ಮಾಡು. ಆ ದಿನ ನಿನ್ನನ್ನು ಕೂರಿಸಿದ್ದಕ್ಕೆ ನಾನು ಇನ್ನೂ ಏನನ್ನೂ ಹೇಳಿಲ್ಲ.